ಹೊಚ್ಚಿದ್ದು, ಮುಚ್ಚಿದ್ದು

ಮಗ್ಗ ಓಡಲು ಬಿಡುವ ಮೊದಲು ನಾನು ತಮ್ಮನನ್ನು ಕೇಳಲಿಲ್ಲ. ಕೇಳಿದೆ ಎಂದು ಮನೆಯಲ್ಲಿ ಹೇಳಿದೆ. ಆ ಸುಳ್ಳನ್ನು ಮೊನ್ನೆಯವರೆಗೂ ತಿದ್ದಲಿಲ್ಲ.

ನಮ್ಮದು ಬನಹಟ್ಟಿ. ಮನೆಯ ಹಿಂದೆಯೇ ಪವರ್‌ಲೂಮ್ ಮಗ್ಗಗಳು. ಒಂದು ಮಗ್ಗದ ಹತ್ತಿರ ಇಬ್ಬರಿದ್ದರೆ, ಹಿಡಿಕೆ ಎಳೆಯುವವರು ‘ಬಿಡ್ಲೇನು?’ ಎಂದು ಕೂಗಬೇಕು. ಒಳಗೆ ಕೈ ಇಟ್ಟವರು ಕೈ ತೆಗೆದು ‘ಹೂಂ’ ಅನ್ನಬೇಕು. ಹೂಂ ಕೇಳದೆ ಹಿಡಿಕೆ ಮುಟ್ಟಬಾರದು. ಐದನೆಯ ತರಗತಿಗೆ ಶಾಲೆ ಬಿಟ್ಟ ನನಗೆ ಅಪ್ಪ ಮೊದಲು ಕಲಿಸಿದ್ದೇ ಅದು.

ಅವತ್ತು ಮಧ್ಯಾಹ್ನ ಕರೆಂಟು ಹೋಗಿತ್ತು. ತಮ್ಮ ಮಗ್ಗದ ಮೇಲೆ ಬಗ್ಗಿ ಹರಿದ ಎಳೆ ಕೂಡಿಸುತ್ತಿದ್ದ. ಕರೆಂಟು ಬಂದದ್ದೇ ತಡ, ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಗದ್ದಲ ಎಬ್ಬಿಸಿದವು. ಸಂಜೆಯೊಳಗೆ ಸೀರೆ ಇಳಿಸುವ ಅವಸರದಲ್ಲಿ ನಾನು ಹಿಡಿಕೆ ಎಳೆದುಬಿಟ್ಟೆ. ಅವನ ಎಡಗೈ ಇನ್ನೂ ಒಳಗಿತ್ತು.

ದವಾಖಾನೆಯಿಂದ ಕರೆತಂದಾಗ ಗಡಗಡ ನಡುಗುತ್ತಿದ್ದ. ಕೌದಿ ತಂದು ಕೊರಳವರೆಗೆ ಹೊಚ್ಚಿದೆ. ನೂಲು ತರಲು ಹೋಗಿದ್ದ ಅಪ್ಪ ಆಗಷ್ಟೇ ಬಂದು ಬಾಗಿಲಲ್ಲಿ ನಿಂತ.

"ಬಿಡ್ಲೇನು ಅಂತ ಕೇಳಿದ್ಯೋ ಇಲ್ಲೋ?"

ಕೌದಿಯ ಅಂಚು ಇನ್ನೂ ನನ್ನ ಕೈಯಲ್ಲೇ ಇತ್ತು.

"ಕೇಳಿದೆ. ಇಂವ ಹೂಂ ಅಂದ."

ತಮ್ಮ ಅಲ್ಲಗಳೆಯಲಿಲ್ಲ. ಆ ನೋವಿನಲ್ಲಿ ಅವನಿಗೆ ಏನೂ ನೆನಪಿರಲಿಲ್ಲ. ಅಕ್ಕ ಹೇಳಿದ್ದೇ ಅವನ ನೆನಪಾಯಿತು. ಎರಡು ಬೆರಳು ಮಡಚದಂತಾದವು. ಕೈ ಒಳಗಿಟ್ಟೇ ಹೂಂ ಅಂದವನೆಂದು ಓಣಿಯವರು ‘ಹೂಂ ಮಾಸ್ತರ’ ಎಂದು ಹೆಸರಿಟ್ಟರು. ಅಪ್ಪ ತಾನು ತೀರುವವರೆಗೂ ಅವನನ್ನು ಮಗ್ಗಕ್ಕೆ ನಿಲ್ಲಿಸಲಿಲ್ಲ. ಈಗ ಆಟೋದಲ್ಲಿ ಸೀರೆ ಗಂಟು ಹೇರಿಕೊಂಡು ಜಮಖಂಡಿ, ಮುಧೋಳದ ಅಂಗಡಿಗಳಿಗೆ ಮುಟ್ಟಿಸುತ್ತಾನೆ. ಯಾರು ಏನೇ ಕೇಳಲಿ, ತಟ್ಟನೆ ಹೂಂ ಅನ್ನುವುದಿಲ್ಲ. ಮತ್ತೊಮ್ಮೆ ಹೇಳಿಸಿಕೊಂಡು ಬರೀ ತಲೆ ಆಡಿಸುತ್ತಾನೆ.

ಮೊನ್ನೆ ಅವನ ಮಗಳು ಇಂಗ್ಲಿಷ್ ಪುಸ್ತಕ ಹಿಡಿದು ನನ್ನ ಪಕ್ಕ ಕೂತಳು. ತಮ್ಮ ಎದುರಿಗೆ ಚಹಾ ಕುಡಿಯುತ್ತಿದ್ದ.

"ಅತ್ತಿ, ಕವರ್ ಅಪ್ ಅಂದ್ರೇನ ಹೇಳ ನೋಡೂಣು?"

"ಕವರ್ ಅಂದ್ರ ಮೊಬೈಲಿಗಿ ಹಾಕ್ತಾರಲ್ಲ, ಅದು. ಅಪ್ ಅಂದ್ರ ಮ್ಯಾಲ."

ಹುಡುಗಿ ಹೊಟ್ಟೆ ಹಿಡಿದು ನಕ್ಕಳು. "ಭಾಳ ಶಾಣ್ಯಾಕಿ ಅದಿ ಬಿಡ! ಅದಕ್ಕ ಎರಡ ಅರ್ಥ ಅದಾವು. ಥಂಡಿ ಆದ್ರ ಮೈತುಂಬ ಹೊಚ್ಗೊಳ್ಳೂದು ಒಂದು. ತಪ್ಪ ಮಾಡಿ ಮುಚ್ಚಿಹಾಕೂದು ಇನ್ನೊಂದು."

"ಎರಡಕ್ಕೂ ಒಂದ ಮಾತೇನ?" ಎಂದೆ.

"ಒಂದ. ಮನ್ಯಾಗಿಂದು ಒಂದೊಂದು ವಾಕ್ಯ ಬರಕೊಂಡ ಬಾ ಅಂದಾರ ಟೀಚರ್. ಮೊದಲನೇದಕ್ಕ ಅಪ್ಪಂದು ಬರೀಲಿ? ಮದಿವ್ಯಾಗ ಫೋಟೋ ತಗಿಯೂಮುಂದ ಅಪ್ಪ ಕೈಮ್ಯಾಲ ಟಾವೆಲ್ ಹೊಚ್ಗೋತಾನಲ್ಲ!"

ತಮ್ಮ ನಕ್ಕ. "ಬರಿಯವಾ, ಬರಿ. ಹೂಂ ಮಾಸ್ತರನ ಬೆರಳು ಸಾಲಿತನಕಾ ಹೋಗ್ಲಿ."

"ಅಪ್ಪಾ, ಅವತ್ತ ನೀ ಖರೇನ ಹೂಂ ಅಂದಿದ್ದೇನು?"

ಚಹಾದ ಕಪ್ಪು ಅವನ ತುಟಿಯ ಹತ್ತಿರವೇ ನಿಂತಿತು.

"ಅಂದಿರಬೇಕು. ನನಗಂತೂ ನೆನಪಿಲ್ಲ. ನಿಮ್ಮತ್ತಿ ಸುಳ್ಳ ಹೇಳತಾಳೇನ ಬೇ?"

ಹುಡುಗಿ ನನ್ನತ್ತ ತಿರುಗಿದಳು. "ಎರಡನೇ ಅರ್ಥದ್ದ ಒಂದ ಉಳೀತು ನೋಡ. ಅದನ್ನ ನೀ ಹೇಳ ಅತ್ತಿ."

ಹಿಂದೆ ಮಗ್ಗಗಳು ಓಡುತ್ತಿದ್ದವು. ಮೆಲ್ಲಗೆ ಹೇಳಿದರೆ ಆ ಸದ್ದಿನಲ್ಲಿ ಅವನಿಗೆ ಕೇಳಿಸದೆ ಹೋದೀತು ಎಂಬ ಆಸೆ ಒಂದು ಗಳಿಗೆ ಬಂತು. ಎದ್ದು ಹೋಗಿ ಒಂದೊಂದಾಗಿ ಎಲ್ಲ ಮಗ್ಗಗಳನ್ನೂ ನಿಲ್ಲಿಸಿದೆ. ಬಂದು ಅವನ ಮುಂದೆ ಕೂತೆ.

"ತಮ್ಮಾ, ಅವತ್ತ ನಾ ಕೇಳಲೇ ಇಲ್ಲೋ. ನೀ ಹೂಂ ಅಂದಿದ್ದೇ ಇಲ್ಲ. ನನ್ನ ತಪ್ಪ ನಿನ್ನ ಮ್ಯಾಲ ಹಾಕಿ ಇಷ್ಟ ವರ್ಸ ಸುಮ್ಮ ಕುಂತೆ. ತಪ್ಪಾತೋ ನಮ್ಮಪ್ಪಾ, ಹೊಟ್ಟ್ಯಾಗ ಹಾಕ್ಕೋ."