ಒಂದು ಕಡೆ ಬರೆದರೆ ಎಲ್ಲ ಕಡೆ: ಕುಪಾಂಗ್ ಬಂದರಿನ ನೆಲ್ಚಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪಡುಗಾಳಿ ಕುಪಾಂಗ್ ಬಂದರಿನ ಟಿಕೆಟ್ ಕಚೇರಿಯ ತಗಡಿನ ಮಾಡನ್ನು ಎತ್ತಿ ಕುಕ್ಕುತ್ತಿದೆ. ರೋಟೆ ದ್ವೀಪದ ದೋಣಿ ಇಂದು ಹೊರಡುವುದಿಲ್ಲ ಎಂದು ಈಗಷ್ಟೇ ಸಂದೇಶ ಬಂದಿದೆ. ಇಲ್ಲಿ ಟಿಕೆಟ್ ಮಾರುವ, ಜಾಲತಾಣವನ್ನೂ ನೋಡಿಕೊಳ್ಳುವ ನೆಲ್ಚಿ ತೆಫಾ ಕಂಪ್ಯೂಟರಿನಲ್ಲಿ ಒಂದು ಕಡೆ 'ರದ್ದು' ಎಂದು ಬರೆಯುತ್ತಾರೆ. ಆಮೇಲೆ ಜಾಲತಾಣದ ಪುಟಗಳನ್ನು ಒಂದೊಂದಾಗಿ ತೆರೆದು ನೋಡುತ್ತಾರೆ. ಮುಖಪುಟದ ಪ್ರಕಟಣೆ, ವೇಳಾಪಟ್ಟಿ, ಟಿಕೆಟ್ ಭಾಗ, ಎಲ್ಲೆಡೆ ರದ್ದು.

"ಮೊದಲು ಹೀಗಿರ್ಲಿಲ್ಲ. ಟೆಂಪ್ಲೇಟಿನ, ಅಂದ್ರೆ ಪುಟಗಳ ಅಚ್ಚಿನ, ಒಂದೊಂದು ತುಂಡೂ ತನ್ನದೇ ಮಾಹಿತಿ ಇಟ್ಕೊಂಡಿತ್ತು. ಒಂದಕ್ಕೆ ಹೇಳಿದ್ದು ಇನ್ನೊಂದಕ್ಕೆ ಗೊತ್ತಾಗ್ತಿರ್ಲಿಲ್ಲ. ಒಂದೇ ಮನೇಲಿದ್ದು ಮಾತು ಬಿಟ್ಟವರ ಥರ" ಎನ್ನುತ್ತಾರೆ.

ಹೋದ ಜನವರಿಯಲ್ಲೂ ದೋಣಿ ನಿಂತಿತ್ತು. ನೆಲ್ಚಿ ಮುಖಪುಟದಲ್ಲಿ ಹಾಕಿದ ಪ್ರಕಟಣೆ ರೋಟೆಯ ಪುಟಕ್ಕೆ ತಲುಪಲೇ ಇಲ್ಲ. ಅಲ್ಲಿ ದೋಣಿ ಎಂಟಕ್ಕೆ ಹೊರಡುತ್ತದೆ ಎಂದೇ ಇತ್ತು. ಅದನ್ನು ನಂಬಿದ ರೋಟೆಯ ಕಡಲಪಾಚಿ ಬೆಳೆಗಾರ ವೆಲೆಮ್, ಹೆರಿಗೆ ನೋವು ಶುರುವಾಗಿದ್ದ ಹೆಂಡತಿ ಆದ್ರಿಯಾನಾಳನ್ನು ಕುಪಾಂಗಿನ ಆಸ್ಪತ್ರೆಗೆ ದಾಟಿಸಲು ದೋಣಿಕಟ್ಟೆಯ ಮೇಲೆ ಕಾದ. ದೋಣಿಯಿಲ್ಲವೆಂದು ತಿಳಿಯುವ ಹೊತ್ತಿಗೆ ಬೆಳಗಿನ ಪುಟ್ಟ ವಿಮಾನವೂ ಹೋಗಿತ್ತು. ತಾಯಿ ಉಳಿದಳು. ಮಗು ಉಳಿಯಲಿಲ್ಲ.

ಗಾಳಿ ಇಳಿದ ಮೇಲೆ ವೆಲೆಮ್ ಕಚೇರಿಗೆ ಬಂದ. ಕೂಗಾಡಲಿಲ್ಲ. ಫೋನನ್ನು ಮೇಜಿನ ಮೇಲಿಟ್ಟು ಕೇಳಿದ: "ಅಮ್ಮಾ, ಇಲ್ಲೊಂದು ಹೇಳ್ತೀರಿ, ಅಲ್ಲೊಂದು ಹೇಳ್ತೀರಿ. ನಾನು ಯಾವುದನ್ನ ನಂಬಬೇಕಿತ್ತು?"

ನೆಲ್ಚಿ ಆ ಫೋನಿನ ಪುಟವನ್ನೂ ತಮ್ಮ ಪರದೆಯ ಮುಖಪುಟವನ್ನೂ ಅಕ್ಕಪಕ್ಕ ಇಟ್ಟು ನೋಡಿದರು.

ಎಲ್ಲ ತುಂಡುಗಳಿಗೂ ಮಾಹಿತಿ ಒಂದೇ ಜಾಗದಿಂದ ಹೋಗುವಂತೆ ಟೆಂಪ್ಲೇಟನ್ನೇ ಬದಲಿಸುತ್ತೇನೆಂದಾಗ ಮೇಲಧಿಕಾರಿ ಯೆರ್ಮಿಯಾಸ್ ಗೊಣಗಿದರು: "ನಡೀತಾ ಇದೆಯಲ್ಲಮ್ಮ, ಸುಮ್ನೆ ಯಾಕೆ ಕೆದಕ್ತೀಯ? ಕೆಟ್ಟುಹೋದ್ರೆ?"

"ಕೆಟ್ಟಾಗಿದೆ, ಸಾರ್. ಕಾಣಿಸ್ತಿರ್ಲಿಲ್ಲ ಅಷ್ಟೇ."

ನೆಲ್ಚಿ ಟಿಕೆಟ್ ಮಾರುವ ಕೆಲಸದ ನಡುವೆಯೇ ಅದನ್ನು ಬಿಚ್ಚಿ ಕಟ್ಟಿದರು. ಒಮ್ಮೆ ಇಡೀ ತಾಣವೇ ನಿಂತುಹೋದಾಗ ಸರದಿಯಲ್ಲಿದ್ದವರ ಬೈಗುಳವನ್ನೂ ತಿಂದರು. ಮಳೆಗಾಲ ಮುಗಿಯುವಷ್ಟರಲ್ಲಿ ಎಲ್ಲ ಪುಟಗಳೂ ಒಂದೇ ಮಾತಾಡತೊಡಗಿದವು. ಬದಲಾವಣೆ ಯಾರ ಕಣ್ಣಿಗೂ ಬೀಳಲಿಲ್ಲ.

ಫೋನ್ ರಿಂಗಾಗುತ್ತದೆ. ವೆಲೆಮ್. ಆದ್ರಿಯಾನಾ ಮತ್ತೆ ಬಸುರಿ.

"ಇವತ್ತು ದೋಣಿ ಇಲ್ಲಪ್ಪ. ಹೌದು, ಖಂಡಿತ ಇಲ್ಲ" ಎಂದು ನೆಲ್ಚಿ ಫೋನ್ ಇಡುತ್ತಾರೆ. "ದಿನಾ ಮಾಡ್ತಾನೆ. ಪುಟ ನೋಡಲ್ಲ. ನನ್ನ ಬಾಯಿಂದ್ಲೇ ಕೇಳ್ಬೇಕು."

ರೋಟೆಯ ಪುಟವನ್ನು ಇನ್ನೊಮ್ಮೆ ತೆರೆದು ನೋಡುತ್ತಾರೆ.

"ಒಂದಿನ ಅವನು ನಂಗೆ ಫೋನ್ ಮಾಡದೇ ಇರ್ಲಿ. ಪುಟ ನೋಡಿ ಸುಮ್ನಾಗ್ಲಿ. ಅಷ್ಟಾದ್ರೆ ಸಾಕು ನಂಗೆ."