ಎನಿಡ್ ಪಾಸ್ಕೋ ಕೊಟ್ಟ ಸಾಕ್ಷ್ಯ

ಸೆಪ್ಟೆಂಬರ್ ಬಂತೆಂದರೆ ಮರ್ರೆ ನದಿಯ ದಡದ ನಮ್ಮ ಊರಿನಲ್ಲಿ ಸೈಕಲ್ಲಿನವರೆಲ್ಲ ಮುಳ್ಳುಹಂದಿಗಳಾಗುತ್ತಾರೆ. ಮ್ಯಾಗ್‌ಪೈ ಎಂಬ ಕಪ್ಪು-ಬಿಳಿ ಹಕ್ಕಿಗಳು ಮರಿ ಮಾಡುವ ಕಾಲವದು. ಗೂಡಿನ ಕೆಳಗೆ ಹಾಯುವವರ ತಲೆಯ ಮೇಲೆ ಗಂಡುಹಕ್ಕಿ ಹಿಂದಿನಿಂದ ಬಂದೆರಗುತ್ತದೆ. ಅದನ್ನು ದೂರವಿಡಲೆಂದು ಜನರು ಹೆಲ್ಮೆಟ್ಟಿನ ಸುತ್ತ ವೈರು ಬಿಗಿಯುವ ಪ್ಲಾಸ್ಟಿಕ್ ಪಟ್ಟಿಗಳನ್ನು ನೆಟ್ಟಗೆ ನಿಲ್ಲಿಸಿಕೊಳ್ಳುತ್ತಾರೆ.

ಎನಿಡ್ ಪಾಸ್ಕೋಗೆ ಆ ವೇಷ ಬೇಕಿರಲಿಲ್ಲ. ಅರವತ್ತೊಂಬತ್ತರ ಈಕೆ ಗ್ರಂಥಾಲಯದ ಪುಸ್ತಕಗಳನ್ನು ಸೈಕಲ್ಲಿನ ಬುಟ್ಟಿಯಲ್ಲಿರಿಸಿ, ನಡೆಯಲಾರದವರ ಮನೆಗಳಿಗೆ ಮುಟ್ಟಿಸುವುದನ್ನು ಹನ್ನೊಂದು ವರ್ಷಗಳಿಂದ ವ್ರತದಂತೆ ನಡೆಸಿಕೊಂಡು ಬಂದವರು. ಸ್ಮಶಾನದ ತಿರುವಿನ ನೀಲಗಿರಿ ಮರದ ಹಕ್ಕಿ ಊರನ್ನೆಲ್ಲ ಕುಕ್ಕಿದರೂ ಆಕೆಯನ್ನು ಮುಟ್ಟುತ್ತಿರಲಿಲ್ಲ. ಕಂಡ ಮುಖವನ್ನು ಆ ಜೀವ ಮರೆಯುವುದಿಲ್ಲ.

ಕಳೆದ ಸೆಪ್ಟೆಂಬರಿನಲ್ಲಿ ಎನಿಡ್‌ರ ಕಣ್ಣಿನ ಪೊರೆ ತೆಗೆದರು. ಬಿಸಿಲಿಗೆ ಹೋಗುವಾಗ ಅಗಲವಾದ ಕಪ್ಪು ಕನ್ನಡಕ ಇರಲೇಬೇಕೆಂದು ವೈದ್ಯರ ಕಟ್ಟಪ್ಪಣೆಯಾಯಿತು. ಕನ್ನಡಕ ಧರಿಸಿ ಹೊರಟ ಮೊದಲ ದಿನವೇ ಹಕ್ಕಿ ಎರಗಿತು. ಕಿವಿ ಹರಿಯಿತು, ಸೈಕಲ್ಲು, ಸವಾರಿಣಿ, ಪುಸ್ತಕಗಳು ಒಟ್ಟಿಗೆ ಧೂಳು ಸೇರಿದವು.

ಗಾಯ ತೊಳೆದವನು ಪಕ್ಕದ ಮನೆಯ ಕ್ಲೆಮ್ ಹ್ಯಾನಿಗನ್.

"ನನ್ನ ಹೆಲ್ಮೆಟ್ ನೋಡಿ ನಗ್ತಿದ್ದೆಯಲ್ಲ, ಈಗ ನಗು ನೋಡೋಣ."

"ಕಿವಿಗಿಂತ ನಿನ್ನ ಮಾತೇ ಉರೀತಿದೆ. ಸುಮ್ನೆ ಹತ್ತಿ ಒತ್ತಪ್ಪ."

"ಪುರಸಭೆಗೆ ಫೋನ್ ಮಾಡಿದೀನಿ. ಈ ವರ್ಷ ಆಗಲೇ ಇಬ್ರು ಬಿದ್ದಿದಾರೆ. ನೀನೂ ದೂರು ಬರೆಸಿದ್ರೆ ಮೂರು. ಮೂರಾದ್ರೆ ಆ ಹಕ್ಕೀನ ಹಿಡ್ಕೊಂಡು ಹೋಗ್ತಾರೆ. ಬರ್ಕೊಳ್ಳೋಕೆ ನಾಳೆ ಮಧ್ಯಾಹ್ನ ಬರ್ತಾರಂತೆ."

"ಮರಿಗಳು?"

"ತಾಯಿ ಇದಾಳಲ್ಲ."

"ಒಬ್ಬಳೇ ಎಷ್ಟು ಬಾಯಿಗೆ ತಂದು ಹಾಕ್ತಾಳೆ, ಕ್ಲೆಮ್?"

ಮರಿಗಳ ಪ್ರಾಣ ತನ್ನ ನಾಲಗೆಯ ಮೇಲಿದೆಯೆಂದು ಎನಿಡ್ ಅರಿತರು. ಆದರೆ ಸುಳ್ಳಾಡಿ ದಯೆ ತೋರುವುದು ಆಕೆಗೆ ಒಗ್ಗದು. ಹಕ್ಕಿ ಗುರುತಿನವರನ್ನೂ ಬಿಡದಷ್ಟು ಕೆರಳಿದ್ದರೆ ನಾಳೆ ಬೀಳುವುದು ಮತ್ತೊಬ್ಬರ ಮಗು.

ಮರುದಿನ ಬೆಳಗ್ಗೆ, ಬಿಸಿಲೇರುವ ಮುನ್ನ, ಅಗಲ ಅಂಚಿನ ಟೋಪಿ ತೊಟ್ಟು ಬರಿಗಣ್ಣಿನಲ್ಲಿ ಆ ತಿರುವಿಗೆ ನಡೆದು ಹೋದರು. ಹಕ್ಕಿ ಬೇಲಿಗಿಳಿದು, ಒಂದು ಕಣ್ಣಿನಿಂದ ನೋಡಿ, ಮತ್ತೊಂದು ಕಣ್ಣಿನಿಂದಲೂ ನೋಡಿ, ಹುಲ್ಲಿನಲ್ಲಿ ಹುಳು ಕೆದಕತೊಡಗಿತು. ಎನಿಡ್ ಮೆಲ್ಲನೆ ಕನ್ನಡಕ ಏರಿಸಿದರು. ಮರುಕ್ಷಣವೇ ಕೊಕ್ಕು ಕಟಕಟಿಸುತ್ತ ನೇರವಾಗಿ ಮೇಲೆ ಬಂತು. ಕನ್ನಡಕ ಕಿತ್ತು ಮುಖವೆತ್ತಿ ನಿಂತರು. ಮೊಳದಷ್ಟು ದೂರದಲ್ಲಿ ರೆಕ್ಕೆ ಓರೆಮಾಡಿ ಮರಕ್ಕೆ ಮರಳಿತು.

ಮಧ್ಯಾಹ್ನ ಬಂದ ಪುರಸಭೆಯ ಯುವಕ ಕಾಗದ ಬಿಚ್ಚಿದ.

"ಬಿದ್ದಿದ್ದು ನಿಜ ತಾನೇ, ಅಮ್ಮ?"

"ನಿಜ. ಹಕ್ಕಿ ಹೊಡೆದಿದ್ದೂ ನಿಜ. ಆದ್ರೆ ಅದು ಹೊಡೆದಿದ್ದು ನನ್ನನ್ನಲ್ಲಪ್ಪ, ಯಾರೋ ಅಪರಿಚಿತಳನ್ನ. ಗುರುತು ಸಿಗದ ಹಾಗೆ ಹೋದವಳು ನಾನು." ಬೆಳಗಿನ ಸಂಗತಿಯನ್ನೂ ಹೇಳಿದರು.

"ಹಾಗಂತ ಬರೆಯೋಕೆ ಇದರಲ್ಲಿ ಜಾಗ ಇಲ್ವಲ್ಲಮ್ಮ."

"ಅಂಚಲ್ಲಿ ಬರಿ. ನನ್ನ ದೂರಿಲ್ಲ ಅಂತಾನೂ ಬರಿ."

ಬೇಲಿಯಾಚೆಯಿಂದ ಕ್ಲೆಮ್ ಗೊಣಗಿದ: "ಹರಿದ ಕಿವಿ ಅವಳದು, ವಕೀಲಿ ಮಾತ್ರ ಹಕ್ಕಿ ಪರ."

ಯುವಕ ನಕ್ಕು, ಅಂಚಿನಲ್ಲೇ ಬರೆದುಕೊಂಡ. ಹಕ್ಕಿಯನ್ನು ಹಿಡಿಯಲು ಯಾರೂ ಬರಲಿಲ್ಲ. ಸೈಕಲ್ಲಿನಿಂದಿಳಿದು ನಡೆಯಿರೆಂಬ ಫಲಕವೊಂದು ತಿರುವಿನಲ್ಲಿ ಎದ್ದಿತು. ಅದನ್ನು ಎಲ್ಲರಿಗಿಂತ ನಿಷ್ಠೆಯಿಂದ ಪಾಲಿಸಿದವರು ಎನಿಡ್. ಅಕ್ಟೋಬರ್ ಮುಗಿಯುವ ಹೊತ್ತಿಗೆ ಬೂದುಕತ್ತಿನ ಎರಡು ಮರಿಗಳು ಬಾಯಿ ತೆರೆದು ಅರಚುತ್ತ, ಹುಲ್ಲಿನ ಮೇಲೆ ತಂದೆಯ ಬೆನ್ನು ಹತ್ತಿ ಓಡುತ್ತಿದ್ದವು.