ಅಕ್ಕ ಕೊಟ್ಟ ಹತ್ತಕ್ಕೆ ಮೂರು

ನಾನು ನಿವೃತ್ತಳಾದ ದಿನ ಶಾಲೆಯವರು ಒಂದು ಶಾಲು, ಒಂದು ತೆಂಗಿನಕಾಯಿ ಮತ್ತು ಒಂದು ದಪ್ಪ ಮರಾಠಿ ಪುಸ್ತಕ ಕೊಟ್ಟರು. ಶಾಲು ಅಲಮಾರಿಗೆ ಹೋಯಿತು, ಕಾಯಿ ಚಟ್ನಿಗೆ ಹೋಯಿತು, ಪುಸ್ತಕ ಮಾತ್ರ ಮೂರು ಊರು ತಿರುಗಿತು. ಗಡಿಯಾಚೆಯ ಮರಾಠಿ ಸೀಮೆಯ ನಿಲಂಗಾದ ನಮ್ಮ ಮನೆಯಿಂದ ಉಮರ್ಗಾದ ತವರಿಗೆ, ಅಲ್ಲಿಂದ ವಾಪಸ್ಸು ಬಂದು ಉದಗೀರಿನ ಅಕ್ಕನ ಮನೆಗೆ. ಅದರ ಕಥೆ ಹೇಳಬೇಕೆಂದರೆ ನನ್ನ ದಡ್ಡತನವನ್ನೂ ಹೇಳಬೇಕಾಗುತ್ತದೆ. ಇರಲಿ, ಈಗ ನನ್ನನ್ನು ಯಾರೂ ನೌಕರಿಯಿಂದ ತೆಗೆಯುವ ಹಾಗಿಲ್ಲ.

ಪುಸ್ತಕದ ಸಾರ ಇಷ್ಟೇ: ಹಿಂದಿನದು ಹೋಯಿತು, ಮುಂದಿನದು ಬಂದಿಲ್ಲ, ಈ ಕ್ಷಣದಲ್ಲಿ ಬದುಕು. ನನಗೆ ಹೇಳಿ ಮಾಡಿಸಿದ ಪುಸ್ತಕ. ಬೆಳಿಗ್ಗೆ ಹಾಲು ಕಾಯಿಸುವಾಗಲೇ ರಾತ್ರಿಯ ಹೆಪ್ಪಿನ ಚಿಂತೆ ಮಾಡುವವಳು ನಾನು. ಹತ್ತು ಗಂಟೆಯ ಬಸ್ಸಿಗೆ ಒಂಬತ್ತಕ್ಕೇ ಹೋಗಿ ನಿಂತು, ಹನ್ನೊಂದರ ಬಸ್ಸು ಸಿಗುತ್ತದೋ ಇಲ್ಲವೋ ಎಂದು ಕೇಳುವವಳು. ಪುಸ್ತಕವನ್ನು ನಾಲ್ಕೇ ದಿನದಲ್ಲಿ ಓದಿ ಮುಗಿಸಿದೆ, ಕೊನೆಯಲ್ಲಿ ಏನು ಹೇಳುತ್ತಾರೋ ಎಂಬ ಆತುರದಲ್ಲಿ. ಕೈಯಲ್ಲಿ ಕೆಂಪು ಪೆನ್ಸಿಲ್ಲು. ಮೂವತ್ತು ವರ್ಷ ಮಕ್ಕಳ ವಹಿ ತಿದ್ದಿದ ಕೈ, ಪೆನ್ಸಿಲ್ಲಿಲ್ಲದೆ ಓದು ನಡೆಯುವುದಿಲ್ಲ. ಮೆಚ್ಚಿದ ಸಾಲಿಗೆ ಒಂದು ಗೆರೆ, ಬಹಳ ಮೆಚ್ಚಿದ್ದಕ್ಕೆ ಎರಡು.

ಐದನೆಯ ದಿನ ಪ್ರಯೋಗ ಶುರು. ಪುಸ್ತಕ ಹೇಳಿದ ಹಾಗೆ ಒಂದೊಂದು ತುತ್ತನ್ನೂ ಮನಸ್ಸಿಟ್ಟು ಅಗಿಯುತ್ತಾ ಮಾತಿಲ್ಲದೆ ಊಟಕ್ಕೆ ಕುಳಿತೆ. ಎದುರಿಗಿದ್ದ ಯಜಮಾನರು ಎರಡು ಸಲ ನನ್ನ ಮುಖ ನೋಡಿದರು. ಮೂರನೆಯ ಸಲ ಕೈ ನಿಲ್ಲಿಸಿ, "ನಾ ಏನರ ತಪ್ಪ ಮಾಡೀನೇನು?" ಎಂದರು. ನಾನು ಕಣ್ಣು ಮುಚ್ಚಿ ಇಲ್ಲವೆಂದು ತಲೆಯಾಡಿಸಿದೆ. ಅವರಿಗೆ ಖಾತ್ರಿಯಾಗಿಹೋಯಿತು. ಊಟ ಬೇಗ ಮುಗಿಸಿ, ಹೋದ ತಿಂಗಳು ತರಲು ಹೇಳಿದ್ದ ಗ್ಯಾಸಿನ ಪೈಪು ತಂದುಕೊಟ್ಟರು. ಪುಸ್ತಕದಿಂದ ನಮ್ಮ ಮನೆಗೆ ಆದ ಮೊದಲ ಲಾಭ ಅದು.

ದೀಪಾವಳಿಗೆ ಪುಸ್ತಕವನ್ನು ಉಮರ್ಗಾಕ್ಕೆ ಒಯ್ದೆ. ಅಲ್ಲಿ ಅಣ್ಣ, ನಾವು ವೈನಿ ಎನ್ನುವ ಅತ್ತಿಗೆ, ಊರ ಹೊರಗೆ ನಮ್ಮ ಹೊಲ. ವೈನಿ ಏಳನೆಯ ತರಗತಿಯವರೆಗೆ ಓದಿದವಳು, ಬುದ್ಧಿಯಲ್ಲಿ ನನ್ನನ್ನು ಕೂರಿಸಿ ಪಾಠ ಹೇಳುವವಳು. ಪಾತ್ರೆ ತೊಳೆಯುವಾಗ ಮನಸ್ಸು ಪಾತ್ರೆಯಲ್ಲೇ ಇರಬೇಕು ಎಂಬ ಪುಟವನ್ನು ಅವಳಿಗೆ ಓದಿ ಹೇಳಿದೆ. ಎರಡು ಗೆರೆಯ ಪುಟ ಅದು. ವೈನಿ ತವೆ ತಿಕ್ಕುತ್ತಲೇ ಕೇಳಿದಳು.

"ಭಾಂಡೆ ತಿಕ್ಕುವಾಗ ಭಾಂಡೆದಾಗೇ ಮನಸ ಇಟ್ರ, ಒಲಿ ಮ್ಯಾಲಿನ ಹಾಲು ಯಾರ ನೋಡಬೇಕವಾ? ಇದನ್ನ ಬರದಾಂವನ ಮನ್ಯಾಗ ಹಾಲು ಕಾಸಾಕಿ ಬ್ಯಾರೆ ಅದಾಳ, ತಿಳಕೋ."

ಹಾಗೆಂದು ಅವಳು ಪುಸ್ತಕವನ್ನು ಪೂರ್ತಿ ತಳ್ಳಿಹಾಕಲಿಲ್ಲ. ದಿನಕ್ಕೊಮ್ಮೆ ಏನೂ ಮಾಡದೆ ಸುಮ್ಮನೆ ಕುಳಿತುಕೊಳ್ಳಬೇಕು ಎಂಬ ಪುಟದ ಮೂಲೆ ಮಡಿಚಿ ಅಣ್ಣನಿಗೆ ತೋರಿಸಿದಳು. ನಾನಲ್ಲಿದ್ದ ಮೂರೂ ದಿನ ಮಧ್ಯಾಹ್ನದ ಚಹಾ ಅಣ್ಣನೇ ಮಾಡಿದ.

ಆಗ ಸೋಯಾಬೀನ್ ತೆಗೆದ ನಮ್ಮ ಹೊಲದಲ್ಲಿ ಕುರಿಗಳು ತಂಗಿದ್ದವು. ಗೊಬ್ಬರಕ್ಕಾಗಿ ಹೀಗೆ ಹೊಲದಲ್ಲಿ ಕುರಿ ನಿಲ್ಲಿಸುವುದು ನಮ್ಮಲ್ಲಿ ರೂಢಿ. ಕುರಿಯ ಮುದುಕಪ್ಪ ನಮ್ಮ ತಂದೆಯ ಕಾಲದಿಂದ ಬರುತ್ತಿರುವವನು, ಬೀರಪ್ಪನ ಭಕ್ತ, ಓದು ಬಾರದವನು. ಅವನಿಗೂ ಒಂದು ಪುಟ ಕನ್ನಡದಲ್ಲಿ ಹೇಳಿದೆ. ನನ್ನ ಉತ್ಸಾಹಕ್ಕೆ ಬೇಲಿ ಇರಲಿಲ್ಲ. ಅವನು ಎಲೆಯಡಿಕೆ ಜಗಿಯುತ್ತಾ ಪೂರ್ತಿ ಕೇಳಿ, ಕೈಯ ಬಡಗಿ ಕೋಲನ್ನು ನೆಲಕ್ಕೂರಿ, ಕುರಿಗಳ ಕಡೆ ಗದ್ದ ತಿರುಗಿಸಿದ.

"ಇದು ನಮ್ಮ ಕುರಿಗಿ ಮೊದಲೇ ಗೊತ್ತದರೀ ಬಾಯಾರ. ನಿನ್ನಿ ಚಿಂತಿ ಇಲ್ಲ, ನಾಳಿ ಚಿಂತಿ ಇಲ್ಲ, ಮೇಯ್ತದ ಅಷ್ಟೇ. ಅದಕ್ಕೇ ಅದರ ಹಿಂದ ಒಬ್ಬಾಂವ ಬಡಗಿ ಹಿಡದು ನಿಂದರಬೇಕಾಗ್ತದ."

ನನಗೆ ನಗು ಬಂತು, ಸಿಟ್ಟೂ ಬಂತು. ಇವರ್ಯಾರಿಗೂ ಪುಸ್ತಕ ತಿಳಿಯಲಿಲ್ಲ, ಹೋಗಲಿ, ಅಕ್ಕನಿಗೆ ತಿಳಿಯುತ್ತದೆ ಎಂದುಕೊಂಡೆ. ನಿಜ ಹೇಳಬೇಕೆಂದರೆ ಅಷ್ಟು ಗೆರೆ ಎಳೆದದ್ದೇ ಅಕ್ಕನ ಸಲುವಾಗಿ.

ಅಕ್ಕನ ಗಂಡನನ್ನು ನಾವೆಲ್ಲ ದಾಜಿ ಎಂದು ಕರೆಯುತ್ತಿದ್ದೆವು. ಅವರು ಬದುಕಿರುವವರೆಗೆ ಅವರಿಲ್ಲದೆ ನಮ್ಮ ಹೊಲದಲ್ಲಿ ಎಳ್ಳಮಾಸಿ ಆದದ್ದೇ ಇಲ್ಲ. ಆ ಅಮಾವಾಸ್ಯೆಯ ದಿನ ನಮ್ಮ ಕಡೆ ಊರೇ ಹೊಲಕ್ಕೆ ಹೋಗುತ್ತದೆ. ಜೋಳದ ಕಣಿಕೆಯ ಪುಟ್ಟ ಗುಡಿಸಲು ಕಟ್ಟಿ, ಅದರೊಳಗೆ ಸುಣ್ಣ ಬಳಿದ ಐದು ಕಲ್ಲು ಇಟ್ಟು ಪೂಜಿಸಿ, ಹೊಲದ ಸುತ್ತ ಅಂಬಲಿ ಚೆಲ್ಲುತ್ತಾರೆ. ಒಬ್ಬರು ಅಂಬಲಿಯ ಗಡಿಗೆ ಹಿಡಿದು ಭೂಮಿಯನ್ನು ಕೂಗಿ ಕರೆಯುತ್ತಾ ಮುಂದೆ ನಡೆಯಬೇಕು, ಉಳಿದವರು ಹಿಂದೆ ಓಗೊಡುತ್ತಾ ಹೋಗಬೇಕು. ನಮ್ಮಲ್ಲಿ ಮುಂದೆ ನಡೆಯುತ್ತಿದ್ದವರು ದಾಜಿ. ತಲೆಯ ಮೇಲೆ ಕರಿ ಕಂಬಳಿ ಹೊದ್ದು ಅವರು ಕೂಗಿದರೆ ಮೂರು ಹೊಲದಾಚೆಯ ಜನ ತಮ್ಮ ಕೂಗು ನಿಲ್ಲಿಸಿ ಕೇಳುತ್ತಿದ್ದರು. ಅವರು ತೀರಿಕೊಂಡ ವರ್ಷ ಅಕ್ಕ ಬರಲಿಲ್ಲ, ನಾವೂ ಕೇಳಲಿಲ್ಲ. ಹೋದ ವರ್ಷ ಮಂಡಿನೋವು ಎಂದಳು. ಮಂಡಿ ಚೆನ್ನಾಗಿಯೇ ಇತ್ತು. ಈ ವರ್ಷವೂ ಬರದಿದ್ದರೆ ಇನ್ನೆಂದೂ ಬರುವುದಿಲ್ಲ, ಅಕ್ಕ ಉದಗೀರಿನ ಆ ಎರಡು ಕೋಣೆಯೊಳಗೇ ಉಳಿದುಬಿಡುತ್ತಾಳೆ ಎಂಬ ಹೆದರಿಕೆ ನನ್ನನ್ನು ಹಿಡಿದಿತ್ತು. ಹೇಗಾದರೂ ಮಾಡಿ ಅವಳನ್ನು ಎಳ್ಳಮಾಸಿಗೆ ಹೊಲಕ್ಕೆ ತರಬೇಕು.

ಹೋದದ್ದನ್ನು ಬಿಡು ಎಂದು ಎಲ್ಲೆಲ್ಲಿ ಬರೆದಿತ್ತೋ ಅಲ್ಲೆಲ್ಲ ಮೂರನೆಯ ಗೆರೆ ಎಳೆದೆ. ಒಂದೆರಡು ಕಡೆ ಅಂಚಿನಲ್ಲಿ 'ಇದನ್ನ ಎರಡು ಸಲ ಓದು' ಎಂದೂ ಬರೆದೆ. ನಾವು ಮನೆಯಲ್ಲಿ ಆಡುವುದು ಕನ್ನಡ, ಓದಿದ್ದು ಮರಾಠಿ ಶಾಲೆಯಲ್ಲಿ, ಹಾಗಾಗಿ ಒಬ್ಬರಿಗೊಬ್ಬರು ಬರೆಯುವಾಗ ಮಾತು ಕನ್ನಡದ್ದು, ಅಕ್ಷರ ಮರಾಠಿಯದು. ಕನ್ನಡ ಅಕ್ಷರ ನಾನೊಬ್ಬಳೇ ಬೀದರಿನ ಸೋದರಮಾವನ ಮನೆಯಲ್ಲಿದ್ದಾಗ ಕಲಿತದ್ದು. ಪುಸ್ತಕವನ್ನು ಶೇಂಗಾ ಹೋಳಿಗೆಯ ಡಬ್ಬಿಯ ಜೊತೆ ಟವೆಲ್ಲಿನಲ್ಲಿ ಕಟ್ಟಿ, ದೇವಣಿ ಮೇಲೆ ಹೋಗುವ ಉದಗೀರ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟು, ಬಸ್ಸಿನ ನಂಬರನ್ನು ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ನಮ್ಮ ಮೂರು ಮನೆಗಳ ನಡುವೆ ಉಪ್ಪಿನಕಾಯಿ, ಔಷಧ, ಮದುವೆಯ ಕಾಗದ ಎಲ್ಲ ಹೀಗೇ ಓಡಾಡುತ್ತವೆ.

ಆಮೇಲೆ ಹತ್ತು ದಿನ ಅಕ್ಕ ಪುಸ್ತಕದ ಮಾತೇ ಎತ್ತಲಿಲ್ಲ. ಹೋಳಿಗೆಗೆ ಬೆಲ್ಲ ಕಡಿಮೆಯಾಗಿತ್ತು ಎಂದಳು. ಹನ್ನೊಂದನೆಯ ದಿನ ಅದೇ ಟವೆಲ್ಲು ಅದೇ ಕಂಡಕ್ಟರನ ಕೈಯಲ್ಲಿ ವಾಪಸ್ಸು ಬಂತು. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತು ಅಲ್ಲೇ ಬಿಚ್ಚಿದೆ.

ಅಕ್ಕ ನನಗೆ ಅಂಕ ಕೊಟ್ಟಿದ್ದಳು. ಮೊದಲ ಪುಟದಲ್ಲಿ, ನೀಲಿ ಪೆನ್ನಿನಲ್ಲಿ, ಸುತ್ತ ಒಂದು ವರ್ತುಲ ಎಳೆದು: ಹತ್ತಕ್ಕೆ ಮೂರು. ಕೆಳಗೆ ಒಂದು ಷರಾ: 'ಅಕ್ಷರ ಛಲೋ ಅದ. ಸುಧಾರಣಾ ಆಗಬೇಕು.' ನಾನು ಮಕ್ಕಳ ವಹಿಗಳಲ್ಲಿ ಸಾವಿರ ಸಲ ಬರೆದ ಮಾತು ಅದು. ಬೆಂಚಿನ ಮೇಲೆ ಒಬ್ಬಳೇ ನಕ್ಕೆ. ನಗುತ್ತಲೇ ಪುಟ ತಿರುವಿದೆ. ಹೋದದ್ದನ್ನು ಬಿಡು ಎಂಬ, ನಾನು ಮೂರು ಗೆರೆ ಎಳೆದ ಸಾಲಿನ ಪಕ್ಕದಲ್ಲಿ ಅಕ್ಕ ಸಣ್ಣ ಅಕ್ಷರದಲ್ಲಿ ಬರೆದಿದ್ದಳು:

'ದಿನಾ ಎರಡು ತಾಟ ಇಡ್ತೀನಿ. ನೆಪ್ಪಾಗಿ ಒಂದು ವಾಪಸ್ ಎತ್ತಿಡ್ತೀನಿ. ಆ ಕ್ಷಣದಾಗ ಹ್ಯಾಂಗ ಬದುಕಬೇಕು, ಇದರಾಗ ಬರದಿಲ್ಲ. ನಿನಗ ಗೊತ್ತಿದ್ರ ಹೇಳು.'

ನನಗೆ ಗೊತ್ತಿರಲಿಲ್ಲ. ಬಹಳ ಅತ್ತೆ, ಆಮೇಲೆ ಬಹಳ ನಾಚಿಕೆಯಾಯಿತು. ಎರಡು ವರ್ಷದಲ್ಲಿ ಎಷ್ಟು ಸಲ ಫೋನು ಮಾಡಿದ್ದೆ, ಊಟಕ್ಕೆ ಕುಳಿತಾಗ ಹೇಗಿರುತ್ತದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಕೇಳುವ ಬದಲು ತಿದ್ದಿದ ವಹಿ ಕಳಿಸಿದ್ದೆ.

ಮನೆಗೆ ಬಂದು ವೈನಿಗೆ ಫೋನು ಹಚ್ಚಿ ಎಲ್ಲ ಹೇಳಿದೆ. ಅವಳು ಒಲೆಯ ಮುಂದಿನಿಂದಲೇ ಮಾತಾಡಿದಳು.

"ನೀ ಆಕಿಗಿ ಶಾಣ್ಯಾ ಮಾಡ್ಲಿಕ್ಕ ಹೋದಿ. ಆಕಿ ನಮ್ಮೆಲ್ಲರಕಿಂತ ಶಾಣ್ಯಾಕಿ ಅದಾಳ. ಆಕಿಗಿ ಕಲಸಬ್ಯಾಡ, ನಮಗ ಏನ್ ಕಡಿಮಿ ಬಿದ್ದದ ಅದನ್ನ ಹೇಳು. ಅಸು ದೇ, ಇರ್ಲಿ, ಈಗ ಅಳೂದು ಬಿಡು, ಹಾಲು ಉಕ್ಕೀತು, ನಾ ಇಡ್ತೀನಿ."

ಆ ಮಧ್ಯಾಹ್ನವೆಲ್ಲ ರಬ್ಬರು ಹಿಡಿದು ಗೆರೆ ಅಳಿಸಿದೆ. ಯಜಮಾನರು ಪಕ್ಕದಲ್ಲಿ ಕುಳಿತು ರಬ್ಬರಿನ ಪುಡಿ ಊದುತ್ತಿದ್ದರು. ಕೆಂಪು ಪೆನ್ಸಿಲ್ಲು ಪೂರ್ತಿ ಹೋಗುವುದಿಲ್ಲ, ಪುಟಗಳೆಲ್ಲ ಗುಲಾಬಿ ಬಣ್ಣಕ್ಕೆ ತಿರುಗಿದವು. ಅಕ್ಕನ ಪ್ರಶ್ನೆಯ ಕೆಳಗೆ ಸಾದಾ ಪೆನ್ಸಿಲ್ಲಿನಲ್ಲಿ ಬರೆದೆ: 'ನನಗ ಗೊತ್ತಿಲ್ಲಕ್ಕಾ. ಹೋದ ವರ್ಷ ಅಂಬಲಿ ಚೆಲ್ಲುವಾಗ ಅಣ್ಣನ ದನಿ ಮೊದಲನೇ ಬದುವಿಗೇ ನಿಂತಿತು. ಹಿಂದ ಓಗೊಡ್ಲಿಕ್ಕ ನಾವು ಅದೀವಿ, ಮುಂದ ಕರಿಯೋರು ಯಾರೂ ಇಲ್ಲ.' ಬಾ ಎಂದು ಬರೆಯಲಿಲ್ಲ. ಮತ್ತೆ ಟವೆಲ್ಲು, ಮತ್ತೆ ಬಸ್ಸು. ಕಂಡಕ್ಟರ್ ಗಂಟು ಇಸಿದುಕೊಳ್ಳುತ್ತಾ, "ಪರೀಕ್ಷಾ ಇನ್ನಾ ಮುಗಿದಿಲ್ಲೇನ್ರೀ ಬಾಯಾರ?" ಎಂದು ಕೇಳಿದ. ದೇವಣಿಯಲ್ಲಿ ಬಸ್ಸು ನಿಂತಾಗ ಅವನೂ ಒಂದಿಷ್ಟು ಓದಿದ್ದನಂತೆ.

ಅಕ್ಕನಿಂದ ಉತ್ತರ ಬರಲಿಲ್ಲ. ಎಳ್ಳಮಾಸಿಯ ಹಿಂದಿನ ದಿನವೇ ನಾವು ಉಮರ್ಗಾಕ್ಕೆ ಹೋದೆವು. ವೈನಿ ಮತ್ತು ನಾನು ಕಾಳು, ಸೊಪ್ಪು ಕೂಡಿಸಿ ಕುದಿಸುವ ಎಳ್ಳಮಾಸಿಯ ಭಜ್ಜಿಗೆಂದು ಹಸಿ ತೊಗರಿ, ಹಸಿ ಕಡಲೆ, ಅವರೆ ಬಿಡಿಸಿ, ಬುಟ್ಟಿಗಟ್ಟಲೆ ಸೊಪ್ಪು ಹೆಚ್ಚಿದೆವು. ನಾನು ಹತ್ತು ನಿಮಿಷಕ್ಕೊಮ್ಮೆ ಫೋನು ನೋಡುತ್ತಿದ್ದೆ. "ನೀ ಈಗ ಯಾವ ಕ್ಷಣದಾಗ ಅದೀ?" ಎಂದು ವೈನಿ ಕಾಡಿದಳು.

ಮರುದಿನ ಹೊಲದಲ್ಲಿ ಪೂಜೆ ಮುಗಿದು ಬಿಸಿಲೇರಿತು. ಸುತ್ತಲಿನ ಹೊಲಗಳಿಂದ ಕೂಗು ಕೇಳತೊಡಗಿತು. ಅಣ್ಣ ಗಡಿಗೆ ಎತ್ತಿಕೊಂಡು, ಕೆಮ್ಮಿ, ಇಳಿಸಿ, "ಇನ್ನೊಂದು ಜರಾ ನೋಡೋಣು" ಎಂದ. ಅವನಿಗೆ ಕೂಗುವುದೆಂದರೆ ಸಂಕೋಚ. ಅಷ್ಟರಲ್ಲಿ ರಸ್ತೆಯ ಮೇಲೆ ಒಂದು ಆಟೋ ನಿಂತಿತು. ಜೋಳದ ನಡುವಿನ ಕಾಲುದಾರಿಯಲ್ಲಿ ಅಕ್ಕ ಬರುತ್ತಿದ್ದಳು, ಮಂಡಿನೋವಿಲ್ಲದವರ ನಡಿಗೆಯಲ್ಲಿ, ಬಗಲಲ್ಲಿ ಮಡಿಚಿದ ಕರಿ ಕಂಬಳಿ.

"ನಸುಕಿನ್ಯಾಗ ಎದ್ದೀನಿ. ಬಸ್ಸಿನ್ಯಾಗ ಕಾಲಿಡ್ಲಿಕ್ಕ ಜಾಗ ಇಲ್ಲ. ಸಣ್ಣಾಕಿ, ನೀ ಯಾಕ ಹಿಂಗ ಬಾಯಿ ತಕ್ಕೊಂಡು ನಿಂತೀದಿ?" ಎಂದಳು.

ಕಂಬಳಿಯನ್ನು ಅಣ್ಣನಿಗೆ ಕೊಡುತ್ತಾಳೆ ಎಂದುಕೊಂಡೆ. ಅಣ್ಣನೂ ಹೆದರಿಕೊಂಡೇ ಕೈ ಚಾಚಿದ. ಅಕ್ಕ ಅದನ್ನು ತನ್ನ ತಲೆಯ ಮೇಲೆ ಹೊದ್ದು, ಗಡಿಗೆ ಎತ್ತಿ ಸೊಂಟಕ್ಕಿಟ್ಟುಕೊಂಡಳು. ಹೆಣ್ಣುಮಕ್ಕಳು ಮುಂದೆ ನಡೆದದ್ದು ನಮ್ಮ ಹೊಲ ಅಲ್ಲಿಯವರೆಗೆ ಕಂಡಿರಲಿಲ್ಲ. ಅಣ್ಣ ಬದಿಗೆ ಸರಿದು ದಾರಿ ಬಿಟ್ಟ. ಮೊದಲ ಕೂಗಿಗೆ ಅವಳ ದನಿ ಹೊರಡಲೇ ಇಲ್ಲ, ಬರೀ ತುಟಿ ಆಡಿತು. ಆದರೂ ನಾವು ಹಿಂದಿನಿಂದ ಓಗೊಟ್ಟೆವು. ಎರಡನೆಯದು ಬಿರುಕು ಬಿಟ್ಟಿತು. ಮೂರನೆಯದು ಹೊಲ ದಾಟಿತು. ಆಚೆಯ ಬದುವಿನಿಂದ ಕುರಿಯ ಮುದುಕಪ್ಪನೂ ಬಡಗಿ ಎತ್ತಿ ಓಗೊಟ್ಟ. ಆ ಕಂಬಳಿ ಅವನ ಕುರಿಗಳ ಉಣ್ಣೆಯದೇ. ನನಗೆ ಅಳು ತಡೆಯಲಾಗಲಿಲ್ಲ, ಅಳುತ್ತಲೇ ಕೂಗಿದೆ, ಸಂತೋಷವೂ ಅಷ್ಟೇ ಇತ್ತು.

ಸುತ್ತು ಮುಗಿದ ಮೇಲೆ ತಾಟು ಹಾಕಿದವಳೂ ಅಕ್ಕನೇ. ಅಣ್ಣ, ವೈನಿ, ಯಜಮಾನರು, ನಾನು, ಅವಳು. ಐದು ತಾಟು ಇಡಬೇಕಾದಲ್ಲಿ ಅವಳ ಕೈ ಆರು ಇಟ್ಟಿತು. ನಾನು ನೋಡಿದೆ. ನಾನು ನೋಡಿದ್ದನ್ನು ಅವಳೂ ನೋಡಿದಳು. ಆರನೆಯ ತಾಟಿನ ಮೇಲೆ ಕೈ ಇಟ್ಟಳು. ಪುಸ್ತಕದ ಒಂದು ಸಾಲು ನನ್ನ ನಾಲಿಗೆಯ ತುದಿಯವರೆಗೆ ಬಂತು, ನುಂಗಿಕೊಂಡೆ.

ಅಕ್ಕ ತಾಟನ್ನು ಎತ್ತಿಡಲಿಲ್ಲ. ಬದುವಿನ ಕಡೆ ತಿರುಗಿ, ಈಗಷ್ಟೇ ತೆರೆದುಕೊಂಡಿದ್ದ ದನಿಯಲ್ಲಿ ಕರೆದಳು: "ಏ ಕಾಕಾ, ಬಾ, ತಾಟ ಇಟ್ಟೀನಿ."

ಎಳ್ಳಮಾಸಿಯ ದಿನ ಕರೆದರೆ ಯಾರೂ ಇಲ್ಲವೆನ್ನುವುದಿಲ್ಲ. ಮುದುಕಪ್ಪ ಬಂದು, ಬಡಗಿ ಬದಿಗಿಟ್ಟು, ಆ ತಾಟಿನ ಮುಂದೆ ಕುಳಿತ. ಅಕ್ಕ ಅದಕ್ಕೆ ಎಲ್ಲಕ್ಕಿಂತ ಮೊದಲು ಭಜ್ಜಿ ಬಡಿಸಿದಳು.